ಮರದ ಉಂಗುರದಲ್ಲಿ ಸೂರ್ಯನನ್ನು ಹುಡುಕುವುದು ಹೇಗೆ?

ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಾಗಿ ಮತ್ತೆ ಇಳಿಯುತ್ತವೆ. ಅದರಿಂದ ಮಳೆ ಬದಲಾಗುವುದಾದರೆ, ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ, ನೀರು ಕಡಿಮೆಯಾದರೆ ಸಪೂರವಾಗುವ ಮರದ ಉಂಗುರದಲ್ಲೂ ಗೊತ್ತಾಗಬೇಕಲ್ವಾ? ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಅರಿಜೋನಾದಲ್ಲಿದ್ದ ಖಗೋಳ ವಿಜ್ಞಾನಿ ಎ.ಇ. ಡಗ್ಲಸ್ ಹೀಗೆ ಯೋಚಿಸಿ ಪೈನ್ ಮರಗಳ ಬೆನ್ನುಹತ್ತಿದರು. ಅವರ 11 ವರ್ಷದ ಲೆಕ್ಕ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೆ ಅವರು ರೂಪಿಸಿದ ವಿಧಾನ ಉಳಿದುಕೊಂಡಿತು.

1. ಮರ ಆರಿಸಿ. ಹಳ್ಳದ ಪಕ್ಕ ಸುಖವಾಗಿ ಬೆಳೆದ ಮರ ಬೇಡ. ಅದಕ್ಕೆ ಬರಗಾಲವೇ ಗೊತ್ತಿರುವುದಿಲ್ಲ. ಒಣ ಇಳಿಜಾರಿನಲ್ಲಿ ನೀರಿಗಾಗಿ ಒದ್ದಾಡಿದ ಮರವೇ ಬೇಕು.

2. ಕಡ್ಡಿ ತೆಗೆಯಿರಿ. ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯನ್ನು ಎದೆಯೆತ್ತರದಲ್ಲಿ ತಿರುಗಿಸಿದರೆ ಸುಮಾರು 5 ಮಿ.ಮೀ. ದಪ್ಪದ ಕಡ್ಡಿ ಬರುತ್ತದೆ. ಅದನ್ನು ಪಟ್ಟಿಗೆ ಅಂಟಿಸಿ, ಸ್ಯಾಂಡ್ ಪೇಪರ್‌ನಿಂದ ಉಜ್ಜಿ ನುಣುಪು ಮಾಡಿ.

3. ಇಸವಿ ಹೊಂದಿಸಿ. ಸುಮ್ನೆ ಎಣಿಸಿದರೆ ಸಾಲದು. ತೀರಾ ಒಣ ವರ್ಷದಲ್ಲಿ ಉಂಗುರವೇ ಮೂಡದಿರಬಹುದು. ಒಂದೇ ವರ್ಷದಲ್ಲಿ ಎರಡು ಮೂಡಿದಂತೆಯೂ ಕಾಣಬಹುದು. ಆದ್ದರಿಂದ ಒಂದೇ ಪ್ರದೇಶದ ಹಲವು ಮರಗಳನ್ನು ಪಕ್ಕಪಕ್ಕ ಇಟ್ಟು, ಅಗಲ-ಸಪೂರ ಉಂಗುರಗಳ ಸಾಲು ಎಲ್ಲಿ ಒಂದಕ್ಕೊಂದು ಕೂಡುತ್ತದೆ ಎಂದು ನೋಡಬೇಕು. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹಂತ ಇದೇ. ಇಲ್ಲಿ ಒಂದು ವರ್ಷ ತಪ್ಪಿದರೆ ಮುಂದಿನದೆಲ್ಲ ತಪ್ಪು.

4. ಅಳೆಯಿರಿ. ಮರಕ್ಕೆ ವಯಸ್ಸಾದಂತೆ ಉಂಗುರ ತಾನಾಗಿಯೇ ಸಪೂರವಾಗುತ್ತದೆ. ಆ ಇಳಿಕೆಯನ್ನು ಲೆಕ್ಕದಿಂದ ಕಳೆಯಬೇಕು.

5. ಸೂರ್ಯನ ಲೆಕ್ಕ ಬೇರೆ ಇಡಿ. ಉಂಗುರದ ಅಗಲ ಹೇಳುವುದು ಮಳೆ, ಚಳಿಯ ಕಥೆ. ಸೂರ್ಯನ ಕಥೆ ಇರುವುದು ಅದೇ ಉಂಗುರದ ಕಾರ್ಬನ್-14ರಲ್ಲಿ, ಅಂದರೆ ಇಂಗಾಲದ ಒಂದು ವಿಕಿರಣಶೀಲ ರೂಪದಲ್ಲಿ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣದಲ್ಲಿ ಇದನ್ನು ಹುಟ್ಟಿಸುತ್ತವೆ. ಕಲೆಗಳು ಹೆಚ್ಚಿದ್ದು ಸೂರ್ಯ ಚುರುಕಾಗಿದ್ದಾಗ ಅವನ ಕಾಂತಕ್ಷೇತ್ರ ಆ ಕಿರಣಗಳನ್ನು ತಡೆಯುತ್ತದೆ, ಕಾರ್ಬನ್-14 ಕಡಿಮೆ. ಸೂರ್ಯ ಮಂಕಾದರೆ ಜಾಸ್ತಿ. 1645ರಿಂದ 1715ರವರೆಗೆ ಕಲೆಗಳು ತೀರಾ ವಿರಳವಾಗಿದ್ದವು. ಆಗಿನ ಉಂಗುರಗಳಲ್ಲಿ ಈ ಏರಿಕೆ ಕಾಣುತ್ತದೆ. 2012ರಲ್ಲಿ ಜಪಾನಿನ ಫುಸಾ ಮಿಯಾಕೆ ತಂಡ ಸೀಡರ್ ಮರದಲ್ಲಿ ಕ್ರಿ.ಶ. 774-775ರ ಹಠಾತ್ ಜಿಗಿತವನ್ನೇ ಹಿಡಿಯಿತು. ಅದಕ್ಕೆ ಸೂರ್ಯನ ಭಾರೀ ಸ್ಫೋಟ ಕಾರಣ ಎಂಬುದು ಹೆಚ್ಚಿನವರ ಅಭಿಪ್ರಾಯ.

6. ಎರಡನ್ನೂ ಹೋಲಿಸಿ, ಅವಸರ ಬೇಡ. 11 ವರ್ಷದ ಚಕ್ರದಲ್ಲಿ ಸೂರ್ಯನ ಒಟ್ಟು ಶಕ್ತಿ ಬದಲಾಗುವುದು ಸುಮಾರು 0.1% ಮಾತ್ರ. ಅದಕ್ಕಿಂತ ದೊಡ್ಡ ಸದ್ದು ಜ್ವಾಲಾಮುಖಿಯದ್ದು. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಸಿಡಿದಾಗ ಸೂರ್ಯನೂ ಮಂಕಾಗಿದ್ದ. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ ಎನ್ನುವಷ್ಟು ಚಳಿ. ತಪ್ಪನ್ನು ಸೂರ್ಯನ ಮೇಲೆ ಹೊರಿಸುವ ಮೊದಲು ಇಂಥ ವರ್ಷಗಳನ್ನು ಬಿಟ್ಟು ಇನ್ನೊಮ್ಮೆ ಹೋಲಿಸಿ ನೋಡಿ.