ಹೆಜ್ಜೇನಿಗೆ ಹತ್ತಿರದ ನೆಂಟ ಯಾರು? ಡಿಎನ್‌ಎ ಹೋಲಿಸಿ ನೀವೇ ನೋಡಿ

ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಒಂದೇ ಒಂದು ಎರಿ ಕಟ್ಟುತ್ತದೆ. ಹೆಜ್ಜೇನೂ ಒಂದೇ ಎರಿ ಕಟ್ಟುವುದು, ಆದರೆ ಅದು ಆಲದ ಕೊಂಬೆಗೋ ನೀರಿನ ಟ್ಯಾಂಕಿನ ಅಡಿಗೋ ದೊಡ್ಡದಾಗಿ ಇಳಿಬಿದ್ದಿರುತ್ತದೆ. ತುಡುವೆ ಮಾತ್ರ ಪೊಟರೆ, ಹುತ್ತದೊಳಗೆ ಸೇರಿಕೊಂಡು ಸಾಲಾಗಿ ಹಲವು ಎರಿ ಕಟ್ಟುತ್ತದೆ. ಹಾಗಾದರೆ ಬಯಲಲ್ಲಿ ಕಟ್ಟುವ ಎರಡೂ ಹತ್ತಿರದ ನೆಂಟರು, ತುಡುವೆ ದೂರದ್ದು, ಅಲ್ವಾ? ಅಲ್ಲ. ಇದನ್ನು ಮನೆಯ ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡಬಹುದು, ಖರ್ಚೇನೂ ಇಲ್ಲ.

ಮೊದಲು ಡಿಎನ್‌ಎಯ ಅಕ್ಷರಗಳು (ಎ, ಟಿ, ಜಿ, ಸಿ) ಬೇಕು. ಎನ್‌ಸಿಬಿಐನ ಜೆನ್‌ಬ್ಯಾಂಕ್ ಅನ್ನುವ, ಡಿಎನ್‌ಎ ಸಾಲುಗಳ ಉಚಿತ ಆನ್‌ಲೈನ್ ಭಂಡಾರಕ್ಕೆ ಹೋಗಿ ಸಿಒಐ ಜೀನನ್ನು ಹುಡುಕಿ. ಇದು ಮೈಟೋಕಾಂಡ್ರಿಯದ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಭಾಗದ, ಜೀನು. 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ಇದರ ಒಂದು ತುಂಡನ್ನು ಪ್ರಾಣಿಗಳ ಜಾತಿ ಗುರುತಿಸುವ ಬಾರ್‌ಕೋಡ್ ಮಾಡಬಹುದು ಎಂದು ಸೂಚಿಸಿದ ಮೇಲೆ ಕೀಟಗಳದ್ದು ರಾಶಿ ರಾಶಿ ಸೇರಿದೆ. ತುಂಡಿನ ಉದ್ದ ಸುಮಾರು 658 ಅಕ್ಷರ. ಹೆಜ್ಜೇನಿಗೆ ಏಪಿಸ್ ಡಾರ್ಸಾಟಾ, ತುಡುವೆಗೆ ಏಪಿಸ್ ಸೆರಾನಾ, ಕೋಲುಜೇನಿಗೆ ಏಪಿಸ್ ಫ್ಲೋರಿಯಾ, ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನಿಗೆ ಏಪಿಸ್ ಮೆಲ್ಲಿಫೆರಾ ಅಂತ ಹುಡುಕಿ. ಪ್ರತಿಯೊಂದಕ್ಕೂ ಮೂರು ನಾಲ್ಕು ಮಾದರಿ ಇಳಿಸಿಕೊಳ್ಳಿ, ಒಂದರ ಹೆಸರು ತಪ್ಪಾಗಿ ದಾಖಲಾಗಿದ್ದರೆ ಉಳಿದವು ಹಿಡಿದುಕೊಡುತ್ತವೆ. ಜೊತೆಗೆ ಒಂದು ಬಂಬಲ್‌ಬೀ ಬೇಕೇ ಬೇಕು. ಅದು ಈ ಗುಂಪಿಗೆ ಹೊರಗಿನದು. ಹೊರಗಿನವರು ಒಬ್ಬರಿಲ್ಲದಿದ್ದರೆ ಕೊನೆಗೆ ಕಟ್ಟುವ ವಂಶವೃಕ್ಷದ, ಅಂದರೆ ಮರದ, ಬುಡ ಎಲ್ಲಿ ಅಂತ ಗೊತ್ತಾಗುವುದೇ ಇಲ್ಲ.

ಎಲ್ಲವನ್ನೂ ಒಂದು ಫಾಸ್ಟಾ ಫೈಲಿಗೆ (ಹೆಸರು, ಅದರ ಕೆಳಗೆ ಅಕ್ಷರಗಳಿರುವ ಸರಳ ಪಠ್ಯದ ಫೈಲು) ಹಾಕಿ ಮೆಗಾ ಅನ್ನುವ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಈಗ ಬರುವುದೇ ಮುಖ್ಯ ಕೆಲಸ, ಅಕ್ಷರಗಳನ್ನು ಸಾಲು ಹೊಂದಿಸುವುದು. ಒಂದು ಸಾಲು ಎ ಟಿ ಟಿ ಎ ಜಿ ಸಿ, ಇನ್ನೊಂದು ಟಿ ಟಿ ಎ ಜಿ ಸಿ ಎ ಅಂತಿಟ್ಟುಕೊಳ್ಳಿ. ಸುಮ್ನೆ ಒಂದರ ಕೆಳಗೊಂದು ಬರೆದರೆ ಆರರಲ್ಲಿ ಐದು ಕಡೆ ಬೇರೆ ಕಾಣುತ್ತದೆ. ಎರಡನೆಯದನ್ನು ಒಂದು ಮನೆ ಬಲಕ್ಕೆ ತಳ್ಳಿ ನೋಡಿ, ಐದಕ್ಕೆ ಐದೂ ಕೂಡುತ್ತವೆ! ಒಂದೇ ಮನೆ ತಪ್ಪಿದ್ದಕ್ಕೆ ನೆಂಟರು ಪರಕೀಯರಾಗಿಬಿಡುತ್ತಾರೆ. ಮಸಲ್ ಅನ್ನುವ ಆಯ್ಕೆ ಇದನ್ನು ತಾನೇ ಮಾಡುತ್ತದೆ, ಆದರೂ ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ. ಒಂದು ಸಾಲು ಮಾತ್ರ ಪೂರ್ತಿ ಬೇರೆ ಬಣ್ಣವಾಗಿ ಕಂಡರೆ ಅದನ್ನು ತಿರುಗಾಮುರುಗಾ ದಾಖಲಿಸಿರಬಹುದು, ರಿವರ್ಸ್ ಕಾಂಪ್ಲಿಮೆಂಟ್ ಮಾಡಿ ನೋಡಿ, ಅಂದರೆ ಸಾಲನ್ನು ಹಿಂದುಮುಂದು ಮಾಡಿ ಪ್ರತಿ ಅಕ್ಷರಕ್ಕೂ ಅದರ ಜೋಡಿ ಅಕ್ಷರ ಹಾಕುವುದು.

ಆಮೇಲೆ ಪ್ರೋಟೀನಿಗೆ ಅನುವಾದಿಸಿ. ನಾನು ಮೊದಲ ಸಲ ಮಾಡಿದಾಗ ನಡುನಡುವೆ ‘ನಿಲ್ಲು’ ಅನ್ನುವ ನಕ್ಷತ್ರದ ಗುರುತು ತುಂಬಿಹೋಗಿ, ಇಳಿಸಿದ್ದೆಲ್ಲ ಹಾಳು ಅಂದುಕೊಂಡು ಅಳಿಸಿಹಾಕಿದ್ದೆ. ತಪ್ಪು ಅಕ್ಷರಗಳದ್ದಲ್ಲ, ನಾನು ಆರಿಸಿದ್ದ ಕೋಡಿನದು, ಅಂದರೆ ಮೂರು ಮೂರು ಅಕ್ಷರಕ್ಕೆ ಅರ್ಥ ಕೊಡುವ ಪಟ್ಟಿಯದು. ಸಾಮಾನ್ಯ ಕೋಡಿನಲ್ಲಿ ಟಿ ಜಿ ಎ ಅಂದರೆ ನಿಲ್ಲು. ಕೀಟಗಳ ಮೈಟೋಕಾಂಡ್ರಿಯದಲ್ಲಿ ಅದು ಟ್ರಿಪ್ಟೊಫಾನ್ ಅನ್ನುವ, ಪ್ರೋಟೀನಿನ ಒಂದು ಮಣಿ. ಹಾಗಾಗಿ ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಮೈಟೋಕಾಂಡ್ರಿಯ ಕೋಡನ್ನೇ ಆರಿಸಿ, ಓದುವ ಚೌಕಟ್ಟು, ಅಂದರೆ ಮೂರು ಮೂರಾಗಿ ಓದಲು ಶುರು ಮಾಡುವ ಅಕ್ಷರ, ಸರಿ ಇದೆಯಾ ಅಂತಲೂ ನೋಡಿ. ಅಷ್ಟಾದ ಮೇಲೂ ನಡುವೆ ನಕ್ಷತ್ರ ಉಳಿದರೆ ಆ ಸಾಲನ್ನು ತೆಗೆದುಬಿಡಿ. ಮೈಟೋಕಾಂಡ್ರಿಯದ ತುಂಡೊಂದು ಎಂದೋ ಕೋಶಕೇಂದ್ರದ ಡಿಎನ್‌ಎಗೆ ಸೇರಿಹೋಗಿ, ಕೆಲಸವಿಲ್ಲದೆ ಕೆಟ್ಟ ಪ್ರತಿ ಅದಾಗಿರಬಹುದು.

ಈಗ ಅಂತರದ ಪಟ್ಟಿ ಮಾಡಿ, ಅಂದರೆ ಎರಡೆರಡು ಸಾಲಿನ ನಡುವೆ ಶೇಕಡಾ ಎಷ್ಟು ಅಕ್ಷರ ಬೇರೆ ಅಂತ. ಒಂದೇ ಜಾತಿಯ ಮಾದರಿಗಳ ನಡುವೆ ಹೆಚ್ಚಾಗಿ ಶೇ 2ಕ್ಕಿಂತ ಕಡಿಮೆ ವ್ಯತ್ಯಾಸ ಇರುತ್ತದೆ, ಜಾತಿ ಬೇರೆಯಾದರೆ ಜಾಸ್ತಿ. ಆದರೆ ಇದೇ ನೆಂಟಸ್ತನ ಅಂತ ತಿಳಿಯಬೇಡಿ. ಒಂದೇ ಜಾಗದ ಅಕ್ಷರ ಎರಡು ಮೂರು ಸಲ ಬದಲಾಗಿದ್ದರೂ ನಮಗೆ ಕಾಣುವುದು ಒಂದೇ. ಜೇನಿನ ಮೈಟೋಕಾಂಡ್ರಿಯದಲ್ಲಂತೂ ಎ ಮತ್ತು ಟಿ ವಿಪರೀತ, ಮೆಲ್ಲಿಫೆರಾದಲ್ಲಿ ಸುಮಾರು ಶೇ 85. ಹೀಗಾಗಿ ಕಾಕತಾಳೀಯ ಹೋಲಿಕೆಯೂ ಜಾಸ್ತಿ. ಅದಕ್ಕೇ ಮ್ಯಾಕ್ಸಿಮಮ್ ಲೈಕ್‌ಲಿಹುಡ್ ವಿಧಾನದಲ್ಲಿ ಮರ ಕಟ್ಟಿ. ಈ ಅಕ್ಷರಗಳು ಬರುವ ಸಂಭವ ಯಾವ ಮರದಲ್ಲಿ ಅತಿ ಹೆಚ್ಚೋ ಅದನ್ನು ಆರಿಸುವ ವಿಧಾನ ಇದು. ಅಕ್ಷರ ಬದಲಾಗುವ ಬಗೆಗೆ ಯಾವ ಲೆಕ್ಕದ ಮಾಡೆಲ್ ಹೊಂದುತ್ತದೆ ಅಂತ ಮೆಗಾವೇ ಲೆಕ್ಕ ಹಾಕಿ ಹೇಳುತ್ತದೆ.

ಮರದ ಕವಲುಗಳನ್ನು ಎಷ್ಟು ನಂಬಬಹುದು ಅಂತ ನೋಡಲು ಬೂಟ್‌ಸ್ಟ್ರ್ಯಾಪ್ 1000 ಸಲ ಇಡಿ. ಹೊಂದಿಸಿದ ಕಂಬಸಾಲುಗಳನ್ನು ಚೀಟಿ ಎತ್ತಿದ ಹಾಗೆ ಎತ್ತಿ, ಎತ್ತಿದ್ದನ್ನು ಮತ್ತೆ ಡಬ್ಬಿಗೇ ಹಾಕಿ, ಪ್ರತಿ ಸಲ ಹೊಸ ಮರ ಕಟ್ಟುವುದು ಇದು. ಒಂದು ಕವಲಿನ ಮೇಲೆ 95 ಅಂತ ಬಂದರೆ 100ರಲ್ಲಿ 95 ಸಲ ಅದೇ ಕವಲು ಬಂತು ಅಂತ ಅರ್ಥ. 70ಕ್ಕಿಂತ ಕೆಳಗಿದ್ದರೆ ನಾನು ಆ ಕವಲನ್ನು ನಂಬುವುದಿಲ್ಲ.

ಮರದಲ್ಲಿ ತುಡುವೆ ಮತ್ತು ಮೆಲ್ಲಿಫೆರಾ ಒಟ್ಟಿಗೆ ಕೂರಬೇಕು. ಹೆಜ್ಜೇನು ಅವುಗಳ ಪಕ್ಕಕ್ಕೆ ಸೇರಬೇಕು. ಎಲ್ಲರಿಗಿಂತ ಮೊದಲು ಬೇರೆಯಾದದ್ದು ಕೋಲುಜೇನಿನ ಗುಂಪು. ಹಲವು ಜೀನುಗಳ ಅಧ್ಯಯನಗಳು ಇದನ್ನೇ ತೋರಿಸಿವೆ. ಅಂದರೆ ಬಯಲಲ್ಲಿ ಒಂದೇ ಎರಿ ಕಟ್ಟುವುದು ಹಳೆಯ ಅಭ್ಯಾಸ ಎರಡು ಕಡೆ ಉಳಿದದ್ದಿರಬಹುದು, ಅಥವಾ ಎರಡು ಸಲ ಬೇರೆ ಬೇರೆಯಾಗಿ ಬಂದದ್ದೂ ಇರಬಹುದು. ಗೂಡು ನೋಡಿ ನೆಂಟಸ್ತನ ಹೇಳಲಾಗುವುದಿಲ್ಲ.

ನಿಮ್ಮ ಮರದಲ್ಲಿ ಹೆಜ್ಜೇನು ಬೇರೆ ಕಡೆ ಕೂತಿದ್ದರೆ ಗಾಬರಿ ಬೇಡ, ಅಲ್ಲಿನ ಬೂಟ್‌ಸ್ಟ್ರ್ಯಾಪ್ ಅಂಕಿ ನೋಡಿ. ಬಹುಶಃ ಕಡಿಮೆಯೇ ಇರುತ್ತದೆ. 658 ಅಕ್ಷರಕ್ಕೆ ಇಷ್ಟು ಹಳೆಯ ಕವಲನ್ನು ಬಿಡಿಸುವ ಶಕ್ತಿ ಸಾಲದು. ಮೂರಕ್ಷರದ ಗುಂಪಿನ ಕೊನೆಯ ಅಕ್ಷರ ಬೇಗ ಬದಲಾಗುತ್ತದೆ, ಅದನ್ನು ಬಿಟ್ಟು ಒಮ್ಮೆ ಮರ ಕಟ್ಟಿ. ಆಮೇಲೆ ಕೋಶಕೇಂದ್ರದ ಇಎಫ್1-ಆಲ್ಫಾ ಜೀನನ್ನೂ ಅದೇ ಜಾತಿಗಳಿಗೆ ಇಳಿಸಿಕೊಂಡು, ಸಾಲು ಹೊಂದಿಸುವಲ್ಲಿಂದ ಮತ್ತೆ ಶುರು ಮಾಡಿ. ಇದಕ್ಕೆ ಮಾತ್ರ ಸಾಮಾನ್ಯ ಕೋಡನ್ನೇ ಆರಿಸಬೇಕು.