ಕೌಂಟರ್-ಸ್ಟ್ರೈಕ್‌ನ ಅಪರೂಪದ ಸ್ಕಿನ್‌ಗೆ ಬೆಲೆ ಕಟ್ಟಿ ಮಾರುವ ಬಗೆ

ಕೌಂಟರ್-ಸ್ಟ್ರೈಕ್ ಎಂಬ ಕಂಪ್ಯೂಟರ್ ಆಟದ ಬಂದೂಕುಗಳಿಗೆ ಸ್ಕಿನ್‌ಗಳು, ಅಂದರೆ ನೋಟವನ್ನಷ್ಟೇ ಬದಲಿಸುವ ಬಣ್ಣ-ಚಿತ್ತಾರಗಳು, ಬಂದದ್ದು 2013ರ ಆಗಸ್ಟ್‌ನಲ್ಲಿ. ಆಟಗಾರರು ತಮ್ಮತಮ್ಮಲ್ಲೇ ಕೊಂಡು ಮಾರಲೆಂದು ಆಟವನ್ನು ತಯಾರಿಸಿದ ವಾಲ್ವ್ ಕಂಪನಿಯು ತನ್ನ ಸ್ಟೀಮ್ ಎಂಬ ಆಟಗಳ ತಾಣದಲ್ಲಿ ಸ್ಟೀಮ್ ಕಮ್ಯುನಿಟಿ ಮಾರ್ಕೆಟ್ಟನ್ನು ಅದಕ್ಕೂ ಮೊದಲೇ, 2012ರ ಡಿಸೆಂಬರ್‌ನಲ್ಲಿ ತೆರೆದಿತ್ತು. ಸಾಧಾರಣ ಸ್ಕಿನ್ ಮಾರುವುದಕ್ಕೆ ಹೆಚ್ಚಿನ ತಿಳಿವಳಿಕೆ ಬೇಕಿಲ್ಲ. ಆ ಹೊತ್ತಿನ ಕನಿಷ್ಠ ಬೆಲೆಗಿಂತ ಒಂದೆರಡು ರೂಪಾಯಿ ಕಡಿಮೆ ಇಟ್ಟರೆ ಅದು ಹೋಗಿಬಿಡುತ್ತದೆ. ಆದರೆ ಮಾರ್ಕೆಟ್‌ನ ಪುಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಆ ಬೆಲೆಯು ಅದೇ ಹೆಸರಿನ ಸ್ಕಿನ್‌ಗಳ ಪೈಕಿ ಯಾವ ವಿಶೇಷವೂ ಇಲ್ಲದ ಒಂದಕ್ಕೆ ಸಲ್ಲುವ ಬೆಲೆಯೆಂಬುದನ್ನು ಮರೆಯಬಾರದು. ನಿಮ್ಮ ಕೈಯಲ್ಲಿರುವುದು ಅಂಥದಲ್ಲವಾದರೆ, ಆ ಅಂಕಿಯನ್ನು ನಂಬಿ ಮಾರುವುದು ನಷ್ಟಕ್ಕೆ ದಾರಿ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ ವಸ್ತುವನ್ನು ಆಟದೊಳಗೆ ತೆರೆದು ಪರೀಕ್ಷಿಸುವುದು. ಇನ್‌ಸ್ಪೆಕ್ಟ್ ಪರದೆಯ ಮಾಹಿತಿ ಚಿಹ್ನೆಯಲ್ಲಿ ಎರಡು ಸಂಖ್ಯೆಗಳು ಸಿಗುತ್ತವೆ. ಒಂದು ಸವೆತದ ಅಳತೆ. ಇದನ್ನು ಎಲ್ಲರೂ ಫ್ಲೋಟ್ ಎನ್ನುತ್ತಾರೆ. ಇನ್ನೊಂದು ಪ್ಯಾಟರ್ನ್ ಟೆಂಪ್ಲೇಟ್ ಸಂಖ್ಯೆ, ಅಂದರೆ ಚಿತ್ರದ ಯಾವ ಭಾಗ ಆಯುಧದ ಮೇಲೆ ಬೀಳುತ್ತದೆಂದು ಹೇಳುವ ಸಂಖ್ಯೆ. ಫ್ಲೋಟ್ 0ಯಿಂದ 1ರವರೆಗೆ ಇರುತ್ತದೆ: 0.07ರೊಳಗಿನದು ಫ್ಯಾಕ್ಟರಿ ನ್ಯೂ, 0.15ರವರೆಗಿನದು ಮಿನಿಮಲ್ ವೇರ್, 0.38ರವರೆಗಿನದು ಫೀಲ್ಡ್-ಟೆಸ್ಟೆಡ್, 0.45ರವರೆಗಿನದು ವೆಲ್-ವೋರ್ನ್, ಅದರಾಚೆಗಿನದು ಬ್ಯಾಟಲ್-ಸ್ಕಾರ್ಡ್. ಮಾರ್ಕೆಟ್ ಈ ಐದು ಹೆಸರುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು ಗುಂಪು ಮಾಡುತ್ತದೆ. ಸಂಗ್ರಾಹಕರು ಹೆಸರಿನೊಳಗಿನ ಅಂಕಿಯನ್ನು ನೋಡುತ್ತಾರೆ. 0.151 ಮತ್ತು 0.37 ಎರಡೂ ಫೀಲ್ಡ್-ಟೆಸ್ಟೆಡ್ ಆದರೂ ನೋಟದಲ್ಲೂ ಬೇಡಿಕೆಯಲ್ಲೂ ಒಂದೇ ಅಲ್ಲ. ಪ್ರತಿ ಸ್ಕಿನ್‌ಗೂ ತನ್ನದೇ ಆದ ಮೇಲುಮಿತಿ ಮತ್ತು ಕೆಳಮಿತಿ ಇರುವುದನ್ನೂ ಗಮನಿಸಬೇಕು. ಎಕೆ-47 ಬಂದೂಕಿನ ರೆಡ್‌ಲೈನ್ ಎಂಬ ಸ್ಕಿನ್ 0.10ಕ್ಕಿಂತ ಕೆಳಗಿಳಿಯುವುದಿಲ್ಲ, ಹಾಗಾಗಿ ಅದರಲ್ಲಿ ಫ್ಯಾಕ್ಟರಿ ನ್ಯೂ ಎಂಬುದೇ ಇಲ್ಲ. ಎಡಬ್ಲ್ಯೂಪಿ ಎಂಬ ದುರ್ಬೀನು ಬಂದೂಕಿನ ಅಸೀಮೋವ್ ಸ್ಕಿನ್ 0.18ರಿಂದ ಆರಂಭವಾಗುತ್ತದೆ.

ಈ ಅಸೀಮೋವ್‌ನಿಂದಲೇ ನಾನು ಪಾಠ ಕಲಿತೆ. ನನ್ನ ಬಳಿ ಬ್ಯಾಟಲ್-ಸ್ಕಾರ್ಡ್ ಒಂದಿತ್ತು. ಬಿಳಿ ಬಣ್ಣವೆಲ್ಲ ಕಿತ್ತುಹೋಗಿ ದುರ್ಬೀನು ಪೂರ್ತಿ ಕಪ್ಪಗಾಗಿತ್ತು. ಹಾಳಾದ ವಸ್ತುವೆಂದೇ ಭಾವಿಸಿ ಅಂದಿನ ಕನಿಷ್ಠ ಬೆಲೆಗೆ ಲಿಸ್ಟ್ ಮಾಡಿ, ಮೊಬೈಲ್‌ನಲ್ಲಿ ದೃಢೀಕರಣ ಒತ್ತಿ, ಫೋನು ಮೇಜಿನ ಮೇಲಿಡುವಷ್ಟರಲ್ಲಿ ಅದು ಮಾರಾಟವಾಗಿತ್ತು. ಅಷ್ಟು ಬೇಗ ಹೋದದ್ದಕ್ಕೆ ಖುಷಿಪಟ್ಟೆ. ಅದರ ಫ್ಲೋಟ್ 0.96 ಇತ್ತು, ಆ ಕಪ್ಪು ದುರ್ಬೀನಿನ ಬಂದೂಕನ್ನು ಸಂಗ್ರಾಹಕರು ‘ಬ್ಲ್ಯಾಕೀಮೋವ್’ ಎಂದು ಕರೆದು, ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆಂಬುದು ತಿಳಿದದ್ದು ಆಮೇಲೆ. ಲಿಸ್ಟ್ ಮಾಡಿದ ಕ್ಷಣಕ್ಕೇ ಮಾರಾಟವಾಗುವ ಸ್ಕಿನ್ ಬಹುಮಟ್ಟಿಗೆ ಕಡಿಮೆ ಬೆಲೆಗೆ ಹೋದ ಸ್ಕಿನ್ ಎಂದೇ ಅಂದಿನಿಂದ ನಾನು ತಿಳಿದಿದ್ದೇನೆ.

ಪ್ಯಾಟರ್ನ್ ಸಂಖ್ಯೆಯ ವಿಷಯ ಬೇರೆ. ರೆಡ್‌ಲೈನ್‌ನಂಥ ಸ್ಕಿನ್‌ನಲ್ಲಿ ಚಿತ್ರ ಒಂದೇ ಜಾಗದಲ್ಲಿ ಕೂರುವುದರಿಂದ ಆ ಸಂಖ್ಯೆಗೆ ಯಾವ ಬೆಲೆಯೂ ಇಲ್ಲ. ಕೇಸ್ ಹಾರ್ಡನ್ಡ್ ಎಂಬ ಸ್ಕಿನ್‌ನಲ್ಲಿ ಅದೇ ಎಲ್ಲವೂ ಆಗುತ್ತದೆ. ನೀಲಿ, ನೇರಳೆ, ಹೊಂಬಣ್ಣಗಳು ಎಲ್ಲಿ ಬೀಳಬೇಕೆಂಬುದನ್ನು ಆ ಸಂಖ್ಯೆ ತೀರ್ಮಾನಿಸುತ್ತದೆ, ಮತ್ತು ಹೆಚ್ಚು ನೀಲಿ ಇರುವುದನ್ನು ‘ಬ್ಲೂ ಜೆಮ್’ ಎಂದು ಕರೆಯುತ್ತಾರೆ. ಎಕೆ-47ರಲ್ಲಿ 661ನೇ ಪ್ಯಾಟರ್ನ್ ಹೆಸರುವಾಸಿ. ಆದರೆ ಅದೇ 661 ಬೇರೊಂದು ಆಯುಧದ ಮೇಲೆ ಬಂದರೆ ಏನೂ ಅಲ್ಲ, ಏಕೆಂದರೆ ಚಿತ್ರದ ಬೇರೆ ಭಾಗ ಅಲ್ಲಿ ಕಾಣುತ್ತದೆ. ಡಾಪ್ಲರ್ ಎಂಬ ಸ್ಕಿನ್ ಇರುವ ಚಾಕುಗಳಲ್ಲಿ ರೂಬಿ, ಸಫೈರ್ ಎಂಬ ಬಗೆಗಳು ಉಳಿದವುಗಳಿಗಿಂತ ಬಹಳ ದುಬಾರಿಯಾದರೂ ಮಾರ್ಕೆಟ್‌ನಲ್ಲಿ ಎಲ್ಲವೂ ಡಾಪ್ಲರ್ ಎಂಬ ಒಂದೇ ಹೆಸರಿನಡಿ ನಿಲ್ಲುತ್ತವೆ. ಬಂದೂಕಿನ ಮೇಲೆ ಅಂಟಿಸುವ ಸ್ಟಿಕ್ಕರ್‌ಗಳ ಬಗ್ಗೆ ಮಾತ್ರ ಮಾರುವವರು ಆಸೆಯನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು. ಅಂಟಿಸಿದ ಸ್ಟಿಕ್ಕರನ್ನು ಕಿತ್ತು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ. ಹಾಗಾಗಿ 2014ರ ಕಟೋವಿಟ್ಸೆ ಪಂದ್ಯಾವಳಿಯ ಬೆಲೆಬಾಳುವ ಹೊಲೊ (ಮಿನುಗುವ) ಸ್ಟಿಕ್ಕರ್‌ಗಳಂಥವು ಇದ್ದರೂ ಅವುಗಳ ಬಿಡಿ ಬೆಲೆಯ ಒಂದು ಪಾಲಷ್ಟೇ ಬಂದೂಕಿನ ಬೆಲೆಗೆ ಕೂಡುತ್ತದೆ. ಸಾಧಾರಣ ಸ್ಟಿಕ್ಕರ್‌ಗೆ ಯಾರೂ ಹೆಚ್ಚು ಕೊಡುವುದಿಲ್ಲ.

ವಿಶೇಷವೇನೆಂಬುದು ಖಚಿತವಾದ ಮೇಲೆ ಬೆಲೆಯ ಹುಡುಕಾಟ. ಬೇರೆಯವರು ಇಟ್ಟಿರುವ ಲಿಸ್ಟಿಂಗ್‌ಗಳನ್ನು ನೋಡಿ ಬೆಲೆ ಕಟ್ಟಬಾರದು. ಅದು ಕೇಳುತ್ತಿರುವ ಬೆಲೆಯೇ ಹೊರತು ಸಿಕ್ಕ ಬೆಲೆಯಲ್ಲ, ಮತ್ತು ತಿಂಗಳುಗಟ್ಟಲೆ ಯಾರೂ ಮುಟ್ಟದ ಲಿಸ್ಟಿಂಗ್‌ಗಳೂ ಅಲ್ಲಿ ಇರುತ್ತವೆ. ಮಾರ್ಕೆಟ್‌ನ ನಕ್ಷೆ ತೋರಿಸುವುದು ನಿಜವಾಗಿ ನಡೆದ ಮಾರಾಟಗಳ ಮಧ್ಯಾಂಕವನ್ನು. ಆ ಗೆರೆಯಲ್ಲಿ ಅಲ್ಲಲ್ಲಿ ಕಡಿದಾದ ಮೊನೆಗಳು ಕಂಡರೆ, ದಿನಕ್ಕೆ ಒಂದೆರಡೇ ಮಾರಾಟವಾಗುವ ವಸ್ತುವಾದರೆ, ವಿಶೇಷ ಫ್ಲೋಟ್ ಅಥವಾ ಪ್ಯಾಟರ್ನ್ ಇದ್ದದ್ದು ಆ ದಿನ ಹೋಗಿರಬಹುದೆಂದು ಊಹಿಸಬಹುದು. ಕೆಲವು ವಾರಗಳ ಗೆರೆ ನೋಡಿ ತಳದ ಬೆಲೆ ಗುರುತಿಸಿ, ನಿಮ್ಮ ವಸ್ತುವಿಗೆ ಹೋಲುವ ನಾಲ್ಕಾರು ಲಿಸ್ಟಿಂಗ್‌ಗಳನ್ನು ಒಂದೊಂದಾಗಿ ಇನ್‌ಸ್ಪೆಕ್ಟ್ ಮಾಡಿ ಬರೆದಿಟ್ಟು, ಅವುಗಳಲ್ಲಿ ಯಾವುದು ಎಷ್ಟಕ್ಕೆ ಮಾಯವಾಯಿತು ಎಂಬುದನ್ನು ವಾರದ ಮಟ್ಟಿಗೆ ಗಮನಿಸುವುದು ನಾನು ಕಂಡುಕೊಂಡ ಅತ್ಯಂತ ನಂಬಲರ್ಹ ವಿಧಾನ. ಕೆಲಸ ನಿಧಾನದ್ದು, ನಿಜ. ಆದರೆ ಇಷ್ಟು ಮಾಡದೆ ಹೇಳುವ ಬೆಲೆಗೆ ಆಧಾರವಿರುವುದಿಲ್ಲ.

ಇನ್ನು ಶುಲ್ಕದ ಲೆಕ್ಕ. ಈ ಆಟದ ವಸ್ತುಗಳ ಮೇಲೆ ಸ್ಟೀಮ್ ಶೇ 5ರಷ್ಟು, ಆಟದ ಪಾಲೆಂದು ಶೇ 10ರಷ್ಟು ಸೇರಿಸಲಾಗುತ್ತದೆ. ಇವೆರಡನ್ನೂ ಮಾರುವವನಿಗೆ ಸಿಗುವ ಮೊತ್ತದ ಮೇಲೆ ಲೆಕ್ಕ ಹಾಕಲಾಗುತ್ತದೆಯೇ ಹೊರತು ಕೊಳ್ಳುವವನು ಕೊಡುವ ಮೊತ್ತದ ಮೇಲಲ್ಲ. ನಿಮಗೆ 1,000 ರೂಪಾಯಿ ಬರಬೇಕಾದರೆ ಪುಟದಲ್ಲಿ ಕಾಣುವ ಬೆಲೆ 1,150 ಆಗಬೇಕು. ಕೊಂಡು ಮಾರುವವರಿಗೆ ಇದು ಇನ್ನೂ ಮುಖ್ಯ: 1,150 ಕೊಟ್ಟು ಕೊಂಡದ್ದನ್ನು ನಷ್ಟವಿಲ್ಲದೆ ಮಾರಲು ಅದರ ಬೆಲೆ 1,322 ರೂಪಾಯಿ 50 ಪೈಸೆಗೆ ಏರಿರಬೇಕು. ಬಂದ ಹಣ ಸ್ಟೀಮ್ ವ್ಯಾಲೆಟ್‌ನಲ್ಲೇ ಉಳಿಯುತ್ತದೆ. ಬ್ಯಾಂಕಿಗೆ ತೆಗೆಯಲು ದಾರಿಯಿಲ್ಲ. ಅದರಿಂದ ಆಟಗಳನ್ನೋ ಬೇರೆ ಸ್ಕಿನ್‌ಗಳನ್ನೋ ಕೊಳ್ಳಬಹುದು, ಅಷ್ಟೇ.

ಅಪರೂಪದ ವಸ್ತುವನ್ನು ಬೈ ಆರ್ಡರ್‌ಗೆ, ಅಂದರೆ ಇಷ್ಟಕ್ಕೆ ಕೊಳ್ಳುತ್ತೇನೆಂದು ಮೊದಲೇ ಹಾಕಿಟ್ಟ ಬೇಡಿಕೆಗೆ, ಒಪ್ಪಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಬೈ ಆರ್ಡರ್ ಹಾಕಿದವನು ಆ ಹೆಸರಿನದು ಯಾವುದಾದರೂ ಸರಿ ಎಂದು ಬೆಲೆ ಹೇಳಿರುತ್ತಾನೆ. ನಿಮ್ಮ ಫ್ಲೋಟ್‌ಗೋ ಪ್ಯಾಟರ್ನ್‌ಗೋ ಅವನು ಹಣ ಕೊಡುತ್ತಿಲ್ಲ. ಲೆಕ್ಕಹಾಕಿದ ಬೆಲೆಗಿಂತ ತುಸು ಮೇಲೆ ಲಿಸ್ಟ್ ಮಾಡಿ, ಎರಡು ಮೂರು ವಾರ ಕಾಯ್ದು, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಮೇಲು. ದಿನಕ್ಕೊಮ್ಮೆ ಇಳಿಸಿದರೆ ನಿಮ್ಮ ಅವಸರ ಎದುರಿನವರಿಗೆ ತಿಳಿದುಹೋಗುತ್ತದೆ.

ಕಾಯುವುದಕ್ಕೂ ಒಂದು ಅಪಾಯವುಂಟು. ಆಟದ ನಿಯಮವನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಚಾಕು ಮತ್ತು ಕೈಗವಸುಗಳು ಕೇಸ್‌ಗಳನ್ನು (ಒಳಗೇನಿದೆಯೆಂದು ಮೊದಲೇ ತಿಳಿಯದ ಪೆಟ್ಟಿಗೆಗಳನ್ನು) ತೆರೆದಾಗ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಅವು ಸುಭದ್ರ ಆಸ್ತಿಯೆಂದು ಅನೇಕರು ನಂಬಿದ್ದರು. 2025ರ ಅಕ್ಟೋಬರ್‌ನ ಅಪ್‌ಡೇಟ್‌ನಲ್ಲಿ ಕೋವರ್ಟ್ ಎಂಬ ಅತಿ ಅಪರೂಪದ ದರ್ಜೆಯ ಐದು ಸ್ಕಿನ್‌ಗಳನ್ನು ಕೊಟ್ಟು ಒಂದು ಚಾಕು ಅಥವಾ ಕೈಗವಸು ಪಡೆಯಬಹುದೆಂದಾಯಿತು. ಚಾಕುಗಳ ಬೆಲೆ ಗಂಟೆಗಳೊಳಗೆ ಕುಸಿದು ಕೋವರ್ಟ್ ಸ್ಕಿನ್‌ಗಳ ಬೆಲೆ ಏರಿತು. ಇಲ್ಲಿ ಹಣ ಹಾಕುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಫೀಸಿನ ಹಣವನ್ನು ಸ್ಕಿನ್‌ನಲ್ಲಿಟ್ಟು ಬೆಲೆ ಏರಲೆಂದು ಕಾಯಬೇಡಿ.

ಸ್ಟೀಮ್ ಮಾರ್ಕೆಟ್‌ನಲ್ಲಿ ಲಿಸ್ಟಿಂಗ್‌ಗೆ ಗರಿಷ್ಠ ಬೆಲೆಯ ಮಿತಿ ಇರುವುದರಿಂದ ಬಹಳ ದುಬಾರಿ ವಸ್ತುಗಳು ನೇರ ಟ್ರೇಡ್‌ನಲ್ಲಿ, ಅಂದರೆ ಆಟಗಾರರ ನಡುವಿನ ವಿನಿಮಯದಲ್ಲಿ, ಕೈಬದಲಾಗುತ್ತವೆ. ಮೋಸ ಹೆಚ್ಚು ನಡೆಯುವುದೂ ಅಲ್ಲಿಯೇ. 2025ರ ಜುಲೈನಿಂದ ಟ್ರೇಡ್ ಆದ ವಸ್ತುವಿಗೆ ಏಳು ದಿನಗಳ ರಕ್ಷಣೆ ಇದೆ, ಆ ಅವಧಿಯಲ್ಲಿ ಖಾತೆದಾರನು ಟ್ರೇಡನ್ನು ಹಿಂದಕ್ಕೆ ಪಡೆಯಬಲ್ಲ. ಆದ್ದರಿಂದ ಇನ್ನೊಂದು ಸ್ಕಿನ್ ಬದಲಿಗೆ ಪಡೆದವರು ಏಳು ದಿನ ಕಳೆಯುವವರೆಗೆ ಅದು ತಮ್ಮದೆಂದು ಎಣಿಸಬಾರದು. ಸ್ನೇಹಿತರ ಹೆಸರಿನಲ್ಲಿ ಬಂದ ಕೊಂಡಿಯ ಮೂಲಕ ಲಾಗಿನ್ ಆಗಬೇಡಿ. ಹಾಗೆ ಲಾಗಿನ್ ಆದವರ ಖಾತೆಯಲ್ಲಿ ವಂಚಕರು ಎಪಿಐ ಕೀ (ಖಾತೆಯ ಟ್ರೇಡ್‌ಗಳನ್ನು ಹೊರಗಿನ ಪ್ರೋಗ್ರಾಂ ನಿರ್ವಹಿಸಲು ಬಿಡುವ ಸಂಕೇತ) ಒಂದನ್ನು ರಚಿಸಿಟ್ಟು, ಸರಿಯಾದ ಟ್ರೇಡ್ ಬಂದೊಡನೆ ಅದನ್ನು ರದ್ದುಮಾಡಿ, ಅದೇ ಹೆಸರು ಅದೇ ಚಿತ್ರವಿರುವ ಬೇರೊಂದು ಖಾತೆಯಿಂದ ಹೊಸದನ್ನು ಕಳಿಸುತ್ತಾರೆ. ಹೆಸರನ್ನೂ ಚಿತ್ರವನ್ನೂ ನಕಲು ಮಾಡಬಹುದು, ಖಾತೆ ಸೇರಿದ ದಿನಾಂಕವನ್ನು ಮಾಡಲಾಗದು. ಮೊಬೈಲ್‌ನಲ್ಲಿ ದೃಢೀಕರಣ ಒತ್ತುವ ಮೊದಲು ಎದುರಿನ ಖಾತೆಯ ಸ್ಟೀಮ್ ಲೆವೆಲ್ ಮತ್ತು ಆ ದಿನಾಂಕವನ್ನು ನೀವು ಮಾತಾಡಿದ ವ್ಯಕ್ತಿಯ ಪ್ರೊಫೈಲ್‌ನೊಂದಿಗೆ ಹೋಲಿಸಿ ನೋಡಿ. ಹೊಂದದಿದ್ದರೆ ರದ್ದುಮಾಡಿ, ಪಾಸ್‌ವರ್ಡ್ ಬದಲಿಸಿ, ನೀವು ರಚಿಸದ ಎಪಿಐ ಕೀ ಇದ್ದರೆ ಅಳಿಸಿ, ಆ ಮೇಲಷ್ಟೇ ಮಾರಾಟವನ್ನು ಮುಂದುವರಿಸಿ.