ಖೋವಾ ಕೆಂಪಾಗುವವರೆಗೆ

ನಮ್ಮ ಮನೆಯಲ್ಲಿ ತತ್ತಿ ತರುವುದಿಲ್ಲ. ಹೀಗಾಗಿ ಕೇಕ್ ಎಂದರೆ ಬೇಕರಿಯಿಂದ ತಂದ ಎಗ್‌ಲೆಸ್ ಕೇಕ್ ಎಂದೇ ಬಹಳ ವರ್ಷ ನಡೆದುಬಂದಿತ್ತು. ಆರು ವರ್ಷಗಳ ಹಿಂದೆ ಅತ್ತೆಯವರ ಹುಟ್ಟುಹಬ್ಬಕ್ಕೆ ಅಂಥದೇ ಒಂದು ಕೇಕ್ ತಂದಿದ್ದೆವು. ಮೇಲಿನ ಬಿಳಿ ಕ್ರೀಮು ನಾಲಿಗೆಗೂ ಅಂಗುಳಕ್ಕೂ ಮೇಣದಂತೆ ಅಂಟಿಕೊಳ್ಳುತ್ತಿತ್ತು, ಒಳಗಿನ ಕೇಕು ಸಕ್ಕರೆಪಾಕದಲ್ಲಿ ನೆನೆದು ಒದ್ದೆಯಾಗಿತ್ತು. ಅತ್ತೆಯವರು ಎರಡು ತುತ್ತು ತಿಂದು ತಾಟನ್ನು ಬದಿಗಿಟ್ಟು, "ಸಕ್ಕರಿ ಭಾಳ ಐತಿ, ರುಚಿ ಎಲ್ಲೈತೆವಾ?" ಎಂದು ಕೇಳಿದರು. ಅವರು ಕೊಂಕಿನಿಂದ ಕೇಳಿದ ಮಾತಲ್ಲ ಅದು, ನಿಜವಾಗಿಯೂ ರುಚಿಯನ್ನು ಹುಡುಕಿ ಸಿಗದೆ ಕೇಳಿದ ಪ್ರಶ್ನೆ. ಸಿಹಿಯನ್ನು ಹೆಚ್ಚಿಸಿದ ಮಾತ್ರಕ್ಕೆ ತಿನಿಸು ಸಮೃದ್ಧವಾಗುವುದಿಲ್ಲ, ಆ ಸಮೃದ್ಧಿ ಬೇರೆ ಎಲ್ಲಿಂದಲೋ ಬರಬೇಕು ಎಂಬುದು ನನ್ನ ತಲೆಯಲ್ಲಿ ಕುಳಿತದ್ದು ಅಂದೇ.

ಧಾರವಾಡದಲ್ಲಿದ್ದುಕೊಂಡು ಅದನ್ನು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಉನ್ನಾವದಿಂದ ಇಲ್ಲಿಗೆ ಬಂದು ನೆಲೆಸಿದ ಠಾಕೂರ್ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭಿಸಿದ ಪೇಡೆಯ ಕಸುಬು ಲೈನ್ ಬಜಾರಿನಲ್ಲಿ ಇಂದಿಗೂ ನಡೆಯುತ್ತಿದೆ. ಆ ಪೇಡೆಯ ಗುಟ್ಟು ಇರುವುದು ಅದರ ಕಂದುಬಣ್ಣದಲ್ಲಿ. ಖೋವಾವನ್ನು ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಕೈಯಾಡಿಸಿದಾಗ ಹಾಲಿನಲ್ಲಿರುವ ಪ್ರೋಟೀನು ಮತ್ತು ಹಾಲಿನದೇ ಸಕ್ಕರೆ ಶಾಖದಲ್ಲಿ ಒಂದರೊಡನೊಂದು ಬೆರೆತು ಹೊಸ ಬಣ್ಣವನ್ನೂ ಹೊಸ ಪರಿಮಳವನ್ನೂ ಕೊಡುತ್ತವೆ. ಬಿಳಿ ಖೋವಾದಲ್ಲಿ ಕೇವಲ ಹಾಲಿನ ರುಚಿಯಿದ್ದರೆ, ಕೆಂಪಗೆ ಹುರಿದ ಖೋವಾದಲ್ಲಿ ಹುರಿದ ಶೇಂಗಾದ, ಕಾಯಿಸಿದ ತುಪ್ಪದ, ಸ್ವಲ್ಪ ಬೆಲ್ಲದ ನೆನಪು ತರುವ ರುಚಿಗಳೆಲ್ಲ ಒಟ್ಟಿಗೆ ಇರುತ್ತವೆ. ಈ ಖೋವಾವನ್ನೇ ಕೇಕಿನ ಜೀವಾಳವಾಗಿಸಬೇಕೆಂದು ನಾನು ನಿಶ್ಚಯಿಸಿದೆ. ಪೇಡೆಯನ್ನೇ ಪುಡಿಮಾಡಿ ಹಿಟ್ಟಿಗೆ ಬೆರೆಸುವ ಸುಲಭದ ದಾರಿಯನ್ನೂ ಒಮ್ಮೆ ನೋಡಿದ್ದೇನೆ. ಅದರ ಮೈಗೆ ಹತ್ತಿದ ಸಕ್ಕರೆಪುಡಿಯಿಂದಾಗಿ ಸಿಹಿಯ ಲೆಕ್ಕ ಕೈತಪ್ಪುತ್ತದೆ, ಆದ್ದರಿಂದ ಆ ದಾರಿಯನ್ನು ಬಿಟ್ಟೆ.

ಮೊದಮೊದಲು ಖೋವಾವನ್ನು ಪೇಟೆಯಿಂದ ತರುತ್ತಿದ್ದೆ. ಒಂದು ದೀಪಾವಳಿಯಲ್ಲಿ ತಂದ ಖೋವಾ ಕಡಾಯಿಯಲ್ಲಿ ಎಷ್ಟು ಹುರಿದರೂ ತುಪ್ಪ ಬಿಡದೆ, ಅಂಟಿನಂತೆ ಎಳೆಎಳೆಯಾಗಿ ಸವಟಿಗೆ ಸುತ್ತಿಕೊಂಡಿತು. ಒಂದು ಚೂರನ್ನು ನೀರಿನಲ್ಲಿ ಕುದಿಸಿ, ಆರಿದ ಮೇಲೆ ಎರಡು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಿದೆ. ನೀರು ನೀಲಿಯಾಯಿತು, ಅಂದರೆ ಅದರಲ್ಲಿ ಹಿಟ್ಟು ಬೆರೆತಿತ್ತು. ಅಂದಿನಿಂದ ಖೋವಾವನ್ನು ಮನೆಯಲ್ಲಿಯೇ ಮಾಡುತ್ತೇನೆ. ನಮಗೆ ಹಾಲು ಹಾಕುವ ಗವಳಿ ಕಾಕಾ ಅವರ ಎಮ್ಮೆಗಳು ಈ ಭಾಗದವೇ. ಧಾರವಾಡಿ ಎಮ್ಮೆಯನ್ನು ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಾಯಿಸಿದ್ದು 2021ರಲ್ಲಿ. ಆ ಸುದ್ದಿಯನ್ನು ಅವರಿಗೆ ಓದಿ ಹೇಳಿದಾಗ ಅವರು ಹಾಲು ಅಳೆಯುವುದನ್ನು ನಿಲ್ಲಿಸಿ, "ನಮಗ ಮೊದಲ ಗೊತ್ತಿತ್ತಲ್ಲವಾ" ಎಂದಿದ್ದರು.

ಎರಡು ಲೀಟರ್ ಎಮ್ಮೆಯ ಹಾಲಿನಿಂದ ಸುಮಾರು 400 ಗ್ರಾಂ ಖೋವಾ ಬರುತ್ತದೆ. ಆಕಳ ಹಾಲಾದರೆ ಇದಕ್ಕಿಂತ ಕಡಿಮೆ ಬರುತ್ತದೆ, ಅದರಲ್ಲಿ ಜಿಡ್ಡೂ ಕಡಿಮೆ. ಬುಡ ದಪ್ಪವಿರುವ ಅಗಲವಾದ ಕಬ್ಬಿಣದ ಕಡಾಯಿಯನ್ನು ನಾನು ಬಳಸುತ್ತೇನೆ, ಏಕೆಂದರೆ ಬಾಯಿ ಅಗಲವಾದಷ್ಟೂ ನೀರಿನ ಅಂಶ ಬೇಗ ಆರುತ್ತದೆ. ಹಾಲು ಅರ್ಧಕ್ಕಿಳಿಯುವವರೆಗೆ ಉರಿ ದೊಡ್ಡದಿರಬಹುದು. ಅಲ್ಲಿಂದ ಮುಂದೆ ಉರಿಯನ್ನು ತಗ್ಗಿಸಿ, ಬದಿಗೆ ಅಂಟಿದ ಕೆನೆಯನ್ನು ಕೆರೆದು ಕೆರೆದು ಒಳಗೆ ಸೇರಿಸುತ್ತ, ಸವಟು ಬುಡವನ್ನು ಬಿಡದಂತೆ ನೋಡಿಕೊಳ್ಳಬೇಕು. ಈ ಹೊತ್ತಿನಲ್ಲಿ ಫೋನು ಬಂದರೆ ನಾನು ಎತ್ತುವುದಿಲ್ಲ.

ಹಾಲು ಮುದ್ದೆಯಾದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಒಂದು ಕೇಕಿಗೆ ಬೇಕಾದ 150 ಗ್ರಾಂ ಖೋವಾವನ್ನು ಬೇರೆ ತೆಗೆದು, ಎರಡು ಚಮಚ ಸಕ್ಕರೆ ಸೇರಿಸಿ, ತೀರ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಸಕ್ಕರೆ ಕರಗಿದಾಗ ಮುದ್ದೆ ಮತ್ತೆ ಸಡಿಲವಾಗುತ್ತದೆ, ಆಗ ಗಾಬರಿಯಾಗಬೇಕಾಗಿಲ್ಲ. ಹತ್ತು ನಿಮಿಷಕ್ಕೆ ಅದು ಗೋದಿಯ ಬಣ್ಣಕ್ಕೆ ತಿರುಗುತ್ತದೆ, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದು ತುಪ್ಪ ಬಿಡತೊಡಗುತ್ತದೆ. ಇನ್ನೂ ಏಳೆಂಟು ನಿಮಿಷಕ್ಕೆ ಮುದ್ದೆ ಒಡೆದು ರವೆಯಂತೆ ಉದುರುದುರಾಗಿ, ಬಣ್ಣ ಹಳೆಯ ಬೆಲ್ಲದ ಹತ್ತಿರಕ್ಕೆ ಬರುತ್ತದೆ, ಮುಂಜಾನೆ ಲೈನ್ ಬಜಾರಿನಲ್ಲಿ ನಡೆದುಹೋಗುವಾಗ ಮೂಗಿಗೆ ಬಡಿಯುವ ಪರಿಮಳ ಅಡುಗೆಮನೆಯನ್ನು ತುಂಬುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ಮೊದಲೇ ಒಲೆ ಆರಿಸಿ, ಖೋವಾವನ್ನು ತಣ್ಣಗಿನ ತಾಟಿಗೆ ಸುರಿಯಬೇಕು. ಕಡಾಯಿಯಲ್ಲಿಯೇ ಬಿಟ್ಟರೆ ಕಬ್ಬಿಣದ ಕಾವಿಗೆ ಅದು ಹುರಿಯುತ್ತಲೇ ಇದ್ದು ಕಹಿಯಾಗುತ್ತದೆ, ಆ ಕಹಿಯನ್ನು ಯಾವ ಸಕ್ಕರೆಯೂ ಮುಚ್ಚಲಾರದು.

ಹೀಗೆ ಹುರಿದ ಖೋವಾ ಕೇಕಿಗೆ ಸುಲಭವಾಗಿ ಒಗ್ಗುವುದಿಲ್ಲ ಎಂಬುದನ್ನು ಕಲಿಯಲು ನನಗೆ ಹಲವು ಭಾನುವಾರಗಳು ಬೇಕಾದವು. ಮೊದಲ ಸಲ ಅದನ್ನು ಹಾಗೆಯೇ ಹಿಟ್ಟಿಗೆ ಬೆರೆಸಿದಾಗ ಹರಳುಗಳೆಲ್ಲ ಬುಡಕ್ಕಿಳಿದು, ಕೇಕಿನ ಕೆಳಗಿನ ಒಂದು ಬೆರಳು ದಪ್ಪ ಕಲ್ಲಿನಂತಾಯಿತು. ಇನ್ನೊಮ್ಮೆ, ಖೋವಾ ಹೆಚ್ಚಿದಷ್ಟೂ ರುಚಿ ಹೆಚ್ಚು ಎಂದುಕೊಂಡು 250 ಗ್ರಾಂ ಹಾಕಿದೆ. ಒಲೆಯಲ್ಲಿ ಚೆನ್ನಾಗಿಯೇ ಉಬ್ಬಿದ ಕೇಕು ಹೊರಬಂದ ಐದೇ ನಿಮಿಷದಲ್ಲಿ ನಡುವೆ ಕುಸಿದು ಹೊಂಡವಾಯಿತು. ತತ್ತಿಯಿದ್ದ ಕೇಕಿನಲ್ಲಿ ತತ್ತಿಯ ಬಿಳಿಯೂ ಹಳದಿಯೂ ಬೆಂದು ಗಟ್ಟಿಯಾಗಿ ಗೋಡೆಯಂತೆ ನಿಲ್ಲುತ್ತವೆ. ತತ್ತಿ ಇಲ್ಲದಾಗ ಆ ಭಾರವನ್ನೆಲ್ಲ ಮೈದಾ ಒಂದೇ ಹೊರಬೇಕು, ಅದಕ್ಕೆ ಮಿತಿಯಿದೆ. 180 ಗ್ರಾಂ ಮೈದಾಕ್ಕೆ 150 ಗ್ರಾಂ ಖೋವಾ ಎಂಬುದು ನಾನು ಕಂಡುಕೊಂಡ ಮಿತಿ.

ಈಗ ನಾನು ಅನುಸರಿಸುವ ಅಳತೆ ಏಳು ಅಂಗುಲದ ದುಂಡು ಡಬ್ಬಿಗೆ ಸರಿಹೋಗುತ್ತದೆ. ಹುರಿದ ಖೋವಾ ಬೆಚ್ಚಗಿರುವಾಗಲೇ ಅದಕ್ಕೆ 100 ಮಿಲಿಲೀಟರ್ ಬಿಸಿ ಹಾಲು ಹಾಕಿ ಕಾಲು ತಾಸು ನೆನೆಯಲು ಬಿಟ್ಟು, ಸಣ್ಣ ಕಣ್ಣಿನ ಜರಡಿಯ ಮೇಲೆ ಚಮಚದ ಬೆನ್ನಿನಿಂದ ತಿಕ್ಕಿ ಇಳಿಸುತ್ತೇನೆ. ಹೀಗೆ ತಿಕ್ಕಿದರೆ ಅದು ಬಾಸುಂದಿಯಂತೆ ನುಣ್ಣಗಾಗುತ್ತದೆ, ಬುಡಕ್ಕಿಳಿಯುವ ಭಯವಿರುವುದಿಲ್ಲ. 100 ಗ್ರಾಂ ಬೆಣ್ಣೆಯನ್ನು 130 ಗ್ರಾಂ ಸಕ್ಕರೆಪುಡಿಯೊಂದಿಗೆ ಬಣ್ಣ ತಿಳಿಯಾಗುವವರೆಗೆ ಏಳೆಂಟು ನಿಮಿಷ ಬೀಟರಿನಿಂದ ಕಡೆಯುತ್ತೇನೆ. ಬಿಳಿ ಖೋವಾ ಹಾಕುತ್ತಿದ್ದ ದಿನಗಳಲ್ಲಿ ಇದೇ ಕೇಕಿಗೆ 200 ಗ್ರಾಂ ಸಕ್ಕರೆ ಬೇಕಾಗುತ್ತಿತ್ತು. ಹುರಿದ ಖೋವಾ ಬಂದ ಮೇಲೆ ಉಳಿದ ಸಕ್ಕರೆ ಯಾರಿಗೂ ಬೇಕೆನಿಸಲಿಲ್ಲ.

ಮನೆಯ ಬೆಣ್ಣೆಯ ಬಗ್ಗೆ ಒಂದು ಮಾತು ಹೇಳಬೇಕು. ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ, ನೀರಿದ್ದರೆ ಬೆಣ್ಣೆ ಗಾಳಿಯನ್ನು ಹಿಡಿದಿಡುವುದಿಲ್ಲ. ಮೂರು ಸಲ ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಒತ್ತಿ ಒತ್ತಿ ನೀರು ಹಿಂಡಿ, ಆಮೇಲೆಯೇ ತೂಕ ಮಾಡುತ್ತೇನೆ. ತಮ್ಮ ಕೇಕು ಏಕೆ ಹಗುರಾಗುವುದಿಲ್ಲ ಎಂದು ಕೇಳಿದವರನ್ನೆಲ್ಲ ನಾನು ಮೊದಲು ಬೆಣ್ಣೆಯ ವಿಚಾರವನ್ನೇ ಕೇಳುತ್ತೇನೆ.

ಕಡೆದ ಬೆಣ್ಣೆಗೆ ಖೋವಾ ಸೇರಿಸಿ, ಅದರೊಡನೆ 120 ಗ್ರಾಂ ಮೊಸರನ್ನು ಬೆರೆಸುತ್ತೇನೆ. ಮೈದಾ, ಒಂದೂವರೆ ಚಹದ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಅರ್ಧ ಚಮಚ ಏಲಕ್ಕಿ ಪುಡಿ, ಇವನ್ನು ಎರಡು ಸಲ ಜರಡಿ ಹಿಡಿದು ಬೇರೆಯಾಗಿ ಇಟ್ಟಿರುತ್ತೇನೆ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯಲ್ಲಿ ನನ್ನ ತಂಗಿಯ ಮನೆಯಿದೆ, ಅವಳು ಬರುವಾಗಲೆಲ್ಲ ಒಂದು ಪೊಟ್ಟಣ ಏಲಕ್ಕಿ ತರುತ್ತಾಳೆ. ಕೇಕಿಗೆ ಹಾಕುವ ದಿನವೇ ಸಿಪ್ಪೆ ಬಿಡಿಸಿ ಕುಟ್ಟಿದ ಏಲಕ್ಕಿಗೂ ಡಬ್ಬಿಯಲ್ಲಿಟ್ಟ ಪುಡಿಗೂ ಹೋಲಿಕೆಯೇ ಇಲ್ಲ.

ಒಣ ಹಿಟ್ಟನ್ನೂ ಹಸಿ ಮಿಶ್ರಣವನ್ನೂ ಕಡೆಯ ಗಳಿಗೆಯವರೆಗೆ ಕೂಡಿಸದಿರಲು ಕಾರಣವಿದೆ. ಮೊಸರಿನ ಹುಳಿ ತಾಗಿದ ಕೂಡಲೇ ಸೋಡಾ ಗುಳ್ಳೆ ಬಿಡತೊಡಗುತ್ತದೆ, ಆ ಗುಳ್ಳೆಗಳು ಆರುವ ಮೊದಲೇ ಹಿಟ್ಟು ಬಿಸಿ ಒಲೆಗೆ ಸೇರಬೇಕು. ಒಂದು ಮಳೆಗಾಲದ ಸಂಜೆ ಎಲ್ಲವನ್ನೂ ಬೆರೆಸಿ ಡಬ್ಬಿಗೆ ಸುರಿದು ಒಲೆಯ ಬಾಗಿಲು ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಮುಕ್ಕಾಲು ತಾಸಿನ ನಂತರ ಬಂತು. ಅಂದು ಬೆಂದ ಕೇಕು ಭಕ್ಕರಿಯಷ್ಟೇ ಎತ್ತರವಿತ್ತು. ಅದನ್ನು ಚೌಕವಾಗಿ ಕತ್ತರಿಸಿ ಬಿಸಿ ಬಾಸುಂದಿಯಲ್ಲಿ ನೆನೆಸಿ ಮಕ್ಕಳಿಗೆ ಕೊಟ್ಟೆ, ಅವರು ಬಟ್ಟಲನ್ನು ನೆಕ್ಕಿ ಇಟ್ಟರು. ಬಾಸುಂದಿಯೊಡನೆ ಕೇಕು ಬಡಿಸುವ ರೂಢಿ ನಮ್ಮ ಮನೆಗೆ ಬಂದದ್ದು ಹೀಗೆ. ಅಂದಿನಿಂದ, ಆಕಾಶ ಕಪ್ಪಾಗಿದ್ದರೆ ಕುಕ್ಕರಿನಲ್ಲಿಯೇ ಬೇಯಿಸುತ್ತೇನೆ. ಎರಡು ಬಟ್ಟಲು ಉಪ್ಪನ್ನು ಬುಡದಲ್ಲಿ ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರ್ ರಿಂಗನ್ನೂ ಸೀಟಿಯನ್ನೂ ತೆಗೆದು, ಹತ್ತು ನಿಮಿಷ ಕಾಯಿಸಿದ ಮೇಲೆ ಡಬ್ಬಿ ಇಟ್ಟರೆ ಸಣ್ಣ ಉರಿಯಲ್ಲಿ 55 ನಿಮಿಷಕ್ಕೆ ಬೇಯುತ್ತದೆ. ಬುಡ ಬೇಗ ಕಂದುವುದರಿಂದ ಕಾಗದವನ್ನು ಎರಡು ಪದರು ಹಾಕಬೇಕು.

ಕರೆಂಟಿನ ಒಲೆಯಾದರೆ 165 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಮೊದಲ 35 ನಿಮಿಷ ಬಾಗಿಲು ತೆರೆಯುವಂತಿಲ್ಲ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಹತ್ತಬಾರದು, ಆದರೆ ಒಂದೆರಡು ಮೆತ್ತನೆಯ ಹರಳು ಹತ್ತಿರಬೇಕು. ಕಡ್ಡಿ ಪೂರ್ತಿ ಒಣಗಿ ಬರುವವರೆಗೆ ಕಾದರೆ ಖೋವಾದ ಕೇಕು ಮರುದಿನಕ್ಕೆ ಬಿರುಸಾಗುತ್ತದೆ.

ಮೇಲೆ ಹಚ್ಚುವುದಕ್ಕೆ ನಾನು ಕ್ರೀಮನ್ನು ಬಿಟ್ಟು ಚಕ್ಕಾ ಬಳಸುತ್ತೇನೆ. ಶ್ರೀಖಂಡ ನಮ್ಮ ಭಾಗದ ಮನೆಗಳಿಗೆ ಹೊಸದಲ್ಲ, ಪೂರಿಯ ಜೊತೆ ತಿನ್ನುವ ಅದನ್ನು ಕೇಕಿನ ಜೊತೆಗಿಟ್ಟದ್ದಷ್ಟೇ ನನ್ನ ಕೆಲಸ. ಒಂದು ಲೀಟರ್ ಎಮ್ಮೆಯ ಹಾಲಿನ ಗಟ್ಟಿ ಮೊಸರನ್ನು ಮಲ್‌ಮಲ್ ಬಟ್ಟೆಯಲ್ಲಿ ಕಟ್ಟಿ ಹತ್ತು ತಾಸು ತೂಗುಹಾಕಿದರೆ ನೀರೆಲ್ಲ ಸೋರಿ ಅರ್ಧಕ್ಕಿಂತ ಕಡಿಮೆ ತೂಕದ ಚಕ್ಕಾ ಉಳಿಯುತ್ತದೆ. ಬೇಸಿಗೆಯಲ್ಲಿ ಹೊರಗೆ ಕಟ್ಟಿದರೆ ಹುಳಿಯೇರುತ್ತದೆ, ಫ್ರಿಜ್ಜಿನೊಳಗೇ ಜಾಗ ಮಾಡಬೇಕು. ಸಕ್ಕರೆಪುಡಿ ಮತ್ತು ಬೆಚ್ಚಗಿನ ಹಾಲಿನಲ್ಲಿ ನೆನೆಸಿದ ಕೇಸರಿಯನ್ನು ಸೇರಿಸಿ ಜರಡಿಯಲ್ಲಿ ತಿಕ್ಕಿ ನುಣುಪು ಮಾಡುತ್ತೇನೆ. ಮಿಕ್ಸರಿಗೆ ಹಾಕಿದರೆ ಅದು ತೆಳ್ಳಗಾಗಿ ಕೇಕಿನ ಮೇಲೆ ನಿಲ್ಲದೆ ಹರಿದುಹೋಗುತ್ತದೆ. ಈ ಚಕ್ಕಾದ ಸಣ್ಣ ಹುಳಿ ಬಹಳ ಮುಖ್ಯವಾದದ್ದು. ಅಷ್ಟು ಗಾಢವಾದ ಕೇಕನ್ನು ತಿನ್ನುವಾಗ ಬಾಯಿ ಮೂರನೆಯ ತುತ್ತಿಗೆ ದಣಿಯುತ್ತದೆ, ಹುಳಿ ಅದನ್ನು ಮತ್ತೆ ಎಚ್ಚರಿಸುತ್ತದೆ.

ಬಡಿಸುವುದರಲ್ಲಿಯೂ ಅರ್ಧ ರುಚಿಯಿದೆ. ಈ ಕೇಕನ್ನು ಮಾಡಿದ ದಿನ ಕತ್ತರಿಸುವುದಿಲ್ಲ, ಒಂದು ರಾತ್ರಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ತೇವ ಎಲ್ಲ ಕಡೆಗೂ ಸಮನಾಗಿ ಹರಡಿ ಏಲಕ್ಕಿಯ ವಾಸನೆ ಒಳಗಿಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟಿದ್ದರೆ ಬಡಿಸುವ ಎರಡು ತಾಸು ಮೊದಲೇ ಹೊರಗೆ ತೆಗೆಯಬೇಕು, ಬೆಣ್ಣೆ ಗಟ್ಟಿಯಾಗಿದ್ದಾಗ ಯಾವ ಪರಿಮಳವೂ ಮೂಗಿಗೆ ತಲುಪುವುದಿಲ್ಲ. ಊಟದ ಕೊನೆಗೆ ಇದನ್ನು ಬಡಿಸುವುದನ್ನು ನಾನು ನಿಲ್ಲಿಸಿದ್ದೇನೆ. ಹೊಟ್ಟೆ ತುಂಬಿದವರು ಮರ್ಯಾದೆಗೆ ತಿನ್ನುತ್ತಾರೆ. ಸಂಜೆ ನಾಲ್ಕಕ್ಕೆ ಮೊದಲು ಗಿರಮಿಟ್ಟು, ಮಿರ್ಚಿ ಕೊಟ್ಟು, ಖಾರ ಇನ್ನೂ ತುಟಿಯ ಮೇಲಿರುವಾಗ ತೆಳ್ಳಗಿನ ಒಂದು ತುಂಡು ಕೇಕು, ಬದಿಗೆ ಒಂದು ಚಮಚ ಚಕ್ಕಾ, ಸಕ್ಕರೆ ಕಡಿಮೆಯಿರುವ ಚಹಾ ಇಡುತ್ತೇನೆ. ಏಳು ಅಂಗುಲದ ಕೇಕಿನಿಂದ ಹದಿನಾಲ್ಕು ತುಂಡು ತೆಗೆಯುತ್ತೇನೆ, ಪ್ರತಿ ಸಲವೂ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಯೇ ಕತ್ತರಿಸುತ್ತೇನೆ.

ಅತ್ತೆಯವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಮನೆಯಲ್ಲಿ ಮೂವತ್ತು ಜನ ಸೇರಿದ್ದರು. ಮೂರು ಕೇಕು ಮಾಡಿದ್ದೆ. ಅತ್ತೆಯವರು ತಮ್ಮ ತುಂಡನ್ನು ಮುಗಿಸಿ ತಾಟನ್ನು ನನ್ನ ಕಡೆ ಚಾಚಿ, "ಆ ದಂಡೀದು ಹಾಕವಾ, ಬುಡಕ್ಕ ಹತ್ತಿದ ಖವಾ ತಿಂದಂಗ ಆಗತೈತಿ" ಎಂದರು. ಕಡಾಯಿಯ ಬುಡಕ್ಕೆ ಹತ್ತಿದ ಕೆಂಪು ಖೋವಾವನ್ನು ಕೆರೆದು ತಿನ್ನುವ ಹಕ್ಕು ಅವರ ತವರಿನಲ್ಲಿ ಕಿರಿಯಳಾದ ಅವರದೇ ಆಗಿತ್ತಂತೆ. ಆ ದಿನದಿಂದ ದಂಡೆಯ ತುಂಡುಗಳನ್ನು ಅವರಿಗೆಂದೇ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತೇನೆ. ಮೂರನೆಯ ದಿನದ ಹೊತ್ತಿಗೆ ಅವು ಸ್ವಲ್ಪ ಗಟ್ಟಿಯಾಗುತ್ತವೆ. ಆಗ ಹಂಚಿಗೆ ಅರ್ಧ ಚಮಚ ತುಪ್ಪ ಹಾಕಿ ಎರಡೂ ಬದಿ ಒಂದೊಂದು ನಿಮಿಷ ಕಾಯಿಸಿ, ಮುಂಜಾನೆಯ ಚಹಾದ ಜೊತೆ ಅವರ ಮುಂದಿಡುತ್ತೇನೆ.